ಆಂಟಿಯ ಹಲ್ಲಿಗೆ ಒಪ್ಪುವ ತೋಟೆ

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನನ್ನಂಥವನ ಮನೆ ಬಾಗಿಲಿಗೇ ಇಂಥ ಫಜೀತಿಗಳು ಬಂದು ನಿಲ್ಲುತ್ತವೆ. ಹುಬ್ಬಳ್ಳಿಯವನು, ಲಾಸ್ ಏಂಜಲೀಸಿಗೆ ಎರಡು ಗಂಟೆ ದೂರದ ಪೊವೇಯಲ್ಲಿ ಆಂಟೆನಾ ಟೆಸ್ಟ್ ಮಾಡಿಕೊಂಡು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ತಣ್ಣಗೆ ಇರುವವನು. ಆದರೂ ಕಾಡುಬಾತಿಗೆ ಕೋವಿಯ ಯಾವ ತೋಟೆ ಸರಿ ಎಂದು ಈಗ ಯಾರಾದರೂ ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲೆ. ಅದಕ್ಕೆ ಕಾರಣ ನಮ್ಮ ಅಂಕಲ್.

ಅಂಕಲ್ ಹಾಸನದ ಕಡೆಯವರು, ಇಲ್ಲಿ ನನ್ನ ಮೊದಲ ಬಾಸ್. ರಿಟೈರ್ ಆಗಿ ನಮ್ಮಿಂದ ಎರಡು ಮನೆ ಆಚೆ ಇದ್ದಾರೆ. 2021ರ ಜನವರಿಯಲ್ಲಿ ಕೋವಿಡ್ ಆಂಟಿಯನ್ನು ಕರೆದುಕೊಂಡು ಹೋಯಿತು. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡಲಿಲ್ಲ. ಅಂಕಲ್ ಹೆಂಡತಿಯ ಮುಖವನ್ನು ಕಡೆಯ ಸಲ ನೋಡಿದ್ದು ಫೋನಿನಲ್ಲಿ. ವರ್ಷ ತುಂಬುವ ಹೊತ್ತಿಗೆ ಅವರಿಗೆ ಒಂದೇ ಹಟ ಹಿಡಿಯಿತು. ಅವರ ಕಡೆ ತೀರಿಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆ ಮೇಲೆ ಎಡೆ ಇಡುತ್ತಾರೆ. ಆಂಟಿಗೆ ಇಷ್ಟವಾದದ್ದು ಮೆಣಸು ಹಾಕಿದ ಕಾಡುಬಾತಿನ ಸಾರು, ಅದೂ ಅಂಕಲ್ಲೇ ಹೊಡೆದು ತಂದ ಬಾತಿಂದು.

"ನನ್ನ ಅವಳ ನಡುವೆ ಒಂದು ಲೆಕ್ಕ ಬಾಕಿ ಇದೆ ಕಣೋ" ಎಂದರು. ಹಲವು ವರ್ಷದ ಹಿಂದೆ ಸಾರಿನಲ್ಲಿ ಮೆಣಸಿನ ಕಾಳು ಅಂದುಕೊಂಡು ಆಂಟಿ ಕಡಿದದ್ದು ಕೋವಿಯ ಚರೆ, ತೋಟೆಯೊಳಗಿನ ಸ್ಟೀಲಿನ ಕಾಳು. ದವಡೆ ಹಲ್ಲು ಸೀಳಿಹೋಯಿತು. "ಎರಡು ದಿನ ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ. ಅಷ್ಟು ಕೋಪ. ತಪ್ಪಾಯ್ತು ಅಂತ ಹೇಳೋಣ ಅಂತ ಬಾಯಿವರೆಗೂ ಬಂತು, ಹೇಳ್ಲಿಲ್ಲ. ಆಮೇಲೆ ಯಾವತ್ತು ಬಾತು ಮಾಡಿದ್ರೂ ನನ್ನ ಮುಖ ಒಂದ್ಸಲ ನೋಡಿ ತುತ್ತು ಬಾಯಿಗಿಡೋಳು. ಇದೊಂದು ಸಲ ಅವಳ ಹಲ್ಲಿಗೆ ಒಪ್ಪೋ ತೋಟೇಲಿ ಹೊಡೆದು ಇಡಬೇಕು."

ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದೂ ಮಂಜಾಗಿತ್ತು, ಡ್ರೈವ್ ಮಾಡುವ ಹಾಗಿರಲಿಲ್ಲ. ಡ್ರೈವರ್ ಆಗಿ ನಾನು ಸಿಕ್ಕಿಬಿದ್ದೆ.

ಎಳೆಯುವ ಚೋಕು

ಮೊದಲ ದಿನ ಅಂಕಲ್ ಫೋನ್ ಮಾಡಿ ಗಂಭೀರವಾಗಿ ಕೇಳಿದರು. "ಲೋ, ಯಾವ ಚೋಕ್ ಹಾಕೋಣ ಅಂತೀಯ?"

ನಾನು ಅಪ್ಪನ ಸ್ಕೂಟರ್ ಒದ್ದು ಬೆಳೆದವನು. ನನಗೆ ಗೊತ್ತಿದ್ದದ್ದು ಒಂದೇ ಚೋಕು. "ಥಂಡಿ ಭಾಳ ಐತ್ರಿ ಅಂಕಲ್. ಪೂರ್ತಿ ಎಳೀರಿ. ಸ್ಟಾರ್ಟ್ ಆದ ಮ್ಯಾಲೆ ಒಳಗ ಒತ್ತಿಬಿಡ್ರಿ" ಎಂದೆ.

ಅಂಕಲ್ "ಮನೆಗೆ ಬಾ" ಎಂದು ಇಟ್ಟುಬಿಟ್ಟರು.

ಮನೆಯಲ್ಲಿ ಒಂದು ಪುಟ್ಟ ಡಬ್ಬಿ ತೆರೆದು ತೋರಿಸಿದರು. ಒಳಗೆ ಬೆರಳುದ್ದದ ಐದು ಕೊಳವೆಗಳು. ಕೋವಿಯ ಬಾಯಿಗೆ ತಿರುಗಿಸಿ ಕೂರಿಸುವ ಈ ಕೊಳವೆಯೇ ಚೋಕು. ಬಾಯಿ ಕಿರಿದಾದಷ್ಟೂ ಚರೆ ಒತ್ತಾಗಿ ದೂರ ಹೋಗುತ್ತದೆ, ಅಗಲವಾದಷ್ಟೂ ಹತ್ತಿರದಲ್ಲೇ ಹರಡುತ್ತದೆ. "ನೀನು ದಿನಾ ಮಾಡೋ ಆಂಟೆನಾ ಬೀಮ್ ಕಣಯ್ಯ ಇದು" ಎಂದಾಗ ನನಗೆ ಮರ್ಯಾದೆ ಮರಳಿ ಬಂದಂತಾಯಿತು. ಆದರೆ ಈ ವಿದ್ಯೆಯಲ್ಲಿ ಎಲ್ಲವೂ ತಿರುವುಮುರುವು. ಕೊಳವೆಯ ಅಂಚಿನಲ್ಲಿ ಗೀರು ಕಡಿಮೆ ಇದ್ದರೆ ಬಿಗಿ, ಹೆಚ್ಚಿದ್ದರೆ ಸಡಿಲ. ಚರೆಯ ನಂಬರ್ ದೊಡ್ಡದಾದರೆ ಕಾಳು ಸಣ್ಣದು. ಅಂಕಲ್ ಕಣ್ಣು ಕಾಣದೆ ಉಗುರಿನಿಂದ ಗೀರು ಎಣಿಸುತ್ತಿದ್ದರು. ಅದನ್ನು ನೋಡಿ ಮನಸ್ಸಿಗೆ ಕಷ್ಟವಾಯಿತು.

ಮನೆಗೆ ಬಂದು ಹೆಂಡತಿಗೆ, ಆಗಷ್ಟೇ ಕಲಿತ ಚೋಕುಗಳ ಹೆಸರು ಉದುರಿಸಿ, "ಎರಡರಾಗ ಒಂದು, ಇಂಪ್ರೂವ್ಡ್ ಸಿಲಿಂಡರ್ ಇಲ್ಲಾ ಮಾಡಿಫೈಡ್" ಎಂದು ಘನವಾಗಿ ಹೇಳಿದೆ.

ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಹೇಳಿದಳು. "ನಮಗ್ಯಾಕ್ರಿ ಸಿಲಿಂಡರ್? ಇಲ್ಲಿ ಗ್ಯಾಸ್ ಪೈಪಿನಾಗ ಬರ್ತದಲ್ಲ."

ತೋಟೆ ಯಾರಿಗೆ?

ಇಲ್ಲಿ ನೀರಿನ ಹಕ್ಕಿಗೆ ಸೀಸದ ಚರೆ ಹಾರಿಸುವಂತಿಲ್ಲ. ಎಲ್ಲರೂ ಕೊಳ್ಳುವುದು ಸ್ಟೀಲ್. ಅದು ಬಿಟ್ಟರೆ ಬಿಸ್ಮತ್ ಎಂಬ ಮೆತ್ತನೆಯ ಲೋಹದ್ದು. ಕಡಿದರೆ ಅದೇ ಪುಡಿಯಾಗಬಹುದು, ಹಲ್ಲು ಉಳಿದೀತು ಎಂಬುದು ಅಂಕಲ್ಲರ ನಂಬಿಕೆ. ಆದರೆ ಆ ವರ್ಷ ತೋಟೆಗಳಿಗೇ ಬರ. ಅಂಗಡಿಗಳ ಕಪಾಟು ಖಾಲಿ.

ಕೋವಿ ಅಂಗಡಿಯೊಂದರ ಕೌಂಟರಿನಲ್ಲಿದ್ದ ಹುಡುಗಿ, ಸ್ಟೀಲ್ ಒಂದೆರಡು ಡಬ್ಬ ಇದೆ, ಆಗಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಂಕಲ್ ತಲೆ ಅಲ್ಲಾಡಿಸಿ ಅದೇ ಭಾಷೆಯಲ್ಲಿ, "ಸ್ಟೀಲ್ ಬೇಡ. ಇದು ನನ್ನ ಹೆಂಡತಿಗೆ. ಅವಳ ಹಲ್ಲಿಗೆ ಸ್ಟೀಲ್ ಆಗಲ್ಲ" ಎಂದರು.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. "ಹೆಂಡತಿಗಾ?"

ಅವಳ ಮುಖ ನೋಡಿ ಸಮಾಧಾನ ಮಾಡಲು ಅಂಕಲ್ ಸೇರಿಸಿದರು. "ಹೆದರಬೇಡಮ್ಮ. ಅವಳು ಆಗಲೇ ಸತ್ತಿದ್ದಾಳೆ."

ಎರಡು ನಿಮಿಷದಲ್ಲಿ ಮ್ಯಾನೇಜರ್ ಬಂದಳು. ಗಟ್ಟಿ ಹೆಂಗಸು, ಸೊಂಟದ ಮೇಲೆ ಕೈ. ನಾನು ಬೆವರುತ್ತಾ ಎಡೆ, ಬಾಳೆಲೆ, ಸಾರು, ಹಲ್ಲು ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳು ಮೆಕ್ಸಿಕೋ ಕಡೆಯ ಮನೆತನದವಳು. "ನಾವೂ ನವೆಂಬರ್‌ನಲ್ಲಿ ನಮ್ಮಜ್ಜಿ ಫೋಟೋ ಮುಂದೆ ಅವಳಿಗೆ ಸೇರೋದನ್ನೆಲ್ಲ ಇಡ್ತೀವಿ" ಎಂದು ಫೋನ್ ಎತ್ತಿಕೊಂಡಳು. ನಾಲ್ಕು ಕಡೆ ಮಾತಾಡಿ ಕೊನೆಗೆ ಸ್ಯಾಂಟಾ ಕ್ಲಾರಿಟಾದ ಅಂಗಡಿಯೊಂದರಲ್ಲಿ ಒಂದೇ ಒಂದು ಡಬ್ಬ ಎತ್ತಿಡಿಸಿದಳು. ಗುರುತಿಲ್ಲದ ಹೆಂಗಸು ಅಷ್ಟು ಮಾಡಿದ್ದು ನೆನೆದರೆ ಈಗಲೂ ಕಣ್ಣು ಒದ್ದೆಯಾಗುತ್ತದೆ.

ಹೊರಡುವಾಗ ಅಂಕಲ್ಲರ ಕೈ ಹಿಡಿದು ಹೇಳಿದಳು. "ಅಲ್ಲಿ ಯಾರಿಗೆ ಅಂತ ಕೇಳಿದರೆ ದಯವಿಟ್ಟು ಬಾತಿಗೆ ಅನ್ನಿ."

ಇಂಜಿನಿಯರುಗಳ ಪರೀಕ್ಷೆ

ಲಾಸ್ ಏಂಜಲೀಸಿನ ಟ್ರಾಫಿಕ್ ದಾಟಿ ತಂದ ಡಬ್ಬದಲ್ಲಿ ಇದ್ದದ್ದು ಇಪ್ಪತ್ತೈದು ತೋಟೆ. ಯಾವ ಚೋಕಿಗೆ ಈ ಬಿಸ್ಮತ್ ಹೇಗೆ ಹರಡುತ್ತದೆ ಎಂದು ಮೊದಲು ಹಾಳೆಯ ಮೇಲೆ ಹಾರಿಸಿ ನೋಡಬೇಕು. ಬುದ್ಧಿ ಇದ್ದವರು ಎರಡು ಚೋಕಿಗೆ ಒಂದೊಂದು ತೋಟೆ ಹಾರಿಸಿ ಮನೆಗೆ ಹೋಗುತ್ತಾರೆ.

ನಾವು ಹಾಗಲ್ಲ. ಗುರಿ ಅಭ್ಯಾಸದ ರೇಂಜಿನಲ್ಲಿ ಅಂಕಲ್ ಹಾರಿಸಿದರು, ನಾನು ಹಾಳೆಯ ತೂತು ಎಣಿಸಿ ಲ್ಯಾಪ್‌ಟಾಪ್‌ಗೆ ಹಾಕಿದೆ. ಒಂದೇ ತೋಟೆಯ ಮೇಲೆ ತೀರ್ಮಾನ ಮಾಡಬಾರದು ಎಂದು ನಾನು ಹೇಳಿದೆ. "ಕರೆಕ್ಟ್, ಆವರೇಜ್ ತಗೋಬೇಕು" ಎಂದರು ಅಂಕಲ್. ಐದು ಚೋಕು, ಎರಡೆರಡು ದೂರ. ಅನುಮಾನ ಬಂದದ್ದಕ್ಕೆ ಮತ್ತೆ ಮತ್ತೆ. ಹತ್ತು ವರ್ಷದ ಹಿಂದಿನ ಲ್ಯಾಬಿನ ದಿನಗಳು ಮರಳಿದ ಹಾಗಿತ್ತು. ಅಂಕಲ್ ಆ ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಅವತ್ತು. ಅವರ ಖುಷಿ ನೋಡುತ್ತಾ ನಾನು ಡಬ್ಬದ ಕಡೆ ನೋಡಲೇ ಇಲ್ಲ.

ಸಂಜೆ ರಿಪೋರ್ಟ್ ಸಿದ್ಧವಾಯಿತು. ಗ್ರಾಫ್ ಸಮೇತ ಸ್ಪಷ್ಟ ತೀರ್ಮಾನ: ಮೂವತ್ತು ಗಜಕ್ಕೆ ಮಾಡಿಫೈಡ್ ಚೋಕೇ ಉತ್ತಮ. ಉಳಿದ ತೋಟೆ, ಎರಡು.

ಎರಡು ತೋಟೆ

ಸಾಲ್ಟನ್ ಸರೋವರದ ಬದಿಯ ಜೌಗಿನಲ್ಲಿ ಬೆಳಗಿನ ಚಳಿಗೆ ಹಲ್ಲು ಕಟಕಟಿಸುತ್ತಾ ಕೂತೆವು. ಮುಂದೆ ನೀರಿನಲ್ಲಿ ಹತ್ತು ಪ್ಲಾಸ್ಟಿಕ್ ಬಾತು ತೇಲಿಬಿಟ್ಟಿದ್ದೆವು, ನಿಜವಾದವು ನೋಡಿ ನಂಬಿ ಇಳಿಯಲಿ ಎಂದು. ಅಂಕಲ್ಲರ ಕಣ್ಣು ನಾನೇ. ಬೆಳಕು ಹರಿಯುತ್ತಿದ್ದಂತೆ ಜೋಡಿ ಬಾತು ಬಂದವು.

"ಬಂದ್ವು ಅಂಕಲ್! ಎಡಕ್ಕ! ಇಳಿದ್ವು!"

ಢಂ ಎಂದಿತು. ಜೋಡಿ ಹಾರಿಹೋಯಿತು. ನಮ್ಮ ಪ್ಲಾಸ್ಟಿಕ್ ಬಾತೊಂದು ನಿಧಾನವಾಗಿ ಮಗ್ಗುಲಾಗಿ ಮುಳುಗತೊಡಗಿತು.

ಅಂಕಲ್ ಎರಡನೆಯ ತೋಟೆಯನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕಾದರು. ಆಮೇಲೆ ತಲೆಯ ಮೇಲೇ ಹಾದುಹೋದ ಒಂದು ಹಕ್ಕಿಗೆ ಹಾರಿಸಿದರು, ಅದು ರೆಕ್ಕೆಯನ್ನೂ ಕೊಂಕಿಸದೆ ಹೋಯಿತು. ಕೋವಿ ಬಿಚ್ಚಿಟ್ಟು, "ಮುಗೀತಲ್ಲ" ಎಂದರು. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಪರೀಕ್ಷೆ ಅಂತ ತೋಟೆಯೆಲ್ಲ ಸುಡಿಸಿದವನು ನಾನು.

ಪಕ್ಕದ ಜೊಂಡಿನ ಮರೆಯಲ್ಲಿ ಬೇಟೆಗೆ ಕೂತಿದ್ದ ಮುದುಕನೊಬ್ಬ ಎಲ್ಲ ನೋಡಿದ್ದ. ನೀರಿನಲ್ಲಿ ನಡೆದು ಬಂದು ವಿಷಯ ಕೇಳಿ, ತಾನು ಹೊಡೆದ ಒಂದು ಬಾತಿಗೆ ಕಾನೂನಿನಂತೆ ಹೆಸರು, ಸಹಿಯ ಚೀಟಿ ಕಟ್ಟಿ ಅಂಕಲ್ಲರ ಕೈಗಿಟ್ಟ. ಅಂಕಲ್ ಕೈಮುಗಿದರು. ಆಮೇಲೆ ಮೆಲ್ಲಗೆ ಕೇಳಿದರು, ಯಾವ ತೋಟೆ ಎಂದು.

"ಸ್ಟೀಲ್" ಎಂದ ಅವನು ಹೆಮ್ಮೆಯಿಂದ.

ನಾನು ಮಾತು ಬದಲಿಸಲು ಮುಳುಗುತ್ತಿದ್ದ ಪ್ಲಾಸ್ಟಿಕ್ ಬಾತನ್ನು ಎಳೆದು ತಂದು ತೂತು ಎಣಿಸಿದೆ. ನಮ್ಮ ಗ್ರಾಫಿಗೆ ಸರಿಯಾಗಿ ಹೊಂದುತ್ತಿತ್ತು.

ಎಡೆ

ವರ್ಷದ ದಿನ. ಬಾತು ಅಡುಗೆಮನೆಯ ಕಟ್ಟೆಯ ಮೇಲೆ, ಅಂಕಲ್ ಅದರ ಮುಂದೆ. "ಮತ್ತೆ ಸ್ಟೀಲೇ ಇಡಬೇಕಾ ಅವಳಿಗೆ? ನಂಗೆ ಕಾಣೋದಿಲ್ಲ. ನೀನು ಹುಡುಕಿ ತೆಗಿ" ಎಂದರು.

"ನಾನೇನ್ರಿ?"

"ನಿನ್ನ ಕಣ್ಣು ಸರಿ ಇದೆಯಲ್ಲ."

ಹೆಂಡತಿ ನನ್ನ ಮುಖ ನೋಡಿದಳು. "ಮಸಾಲಿ ನಾ ರುಬ್ಬತೀನ್ರಿ. ಆ ಕೆಲಸ ಮಾತ್ರ ನಿಮ್ದು." ಫ್ರಿಜ್ಜಿನ ಮೇಲೆ ಹಲ್ಲಿನ ಆಕಾರದ ಮ್ಯಾಗ್ನೆಟ್ ಒಂದಿತ್ತು, ಆ ಸೀಳಿದ ಹಲ್ಲಿಗೆ ಮದ್ದು ಮಾಡಿದ ಡೆಂಟಿಸ್ಟ್ ಆಂಟಿಗೆ ಕೊಟ್ಟದ್ದು. ಸ್ಟೀಲ್ ಚರೆ ಅಂಟಲೆಂದು ಅದನ್ನು ಹಿಡಿದು, ಹುಟ್ಟಿದಾರಭ್ಯ ಮಾಂಸ ಮುಟ್ಟದ ನಾನು, ಮನಸ್ಸಿನಲ್ಲಿ ಬಸವಣ್ಣನಿಗೆ ತಪ್ಪಾಯ್ತೆಂದು ಹೇಳಿ, ಒಂದೊಂದೇ ಗಾಯದಲ್ಲಿ ಬೆರಳಿಟ್ಟು ತಡಕಿದೆ. ಮೂರು ಚರೆ ಸಿಕ್ಕವು. ಇನ್ನಿಲ್ಲ ಎಂದೆ.

ಅಂಕಲ್ಲೇ ಸಾರು ಕುದಿಸಿದರು. ಆಂಟಿಯ ಫೋಟೋ ಮುಂದೆ ಬಾಳೆಲೆ ಹಾಸಿ, ಮುದ್ದೆ, ಬಾತಿನ ಸಾರು ಬಡಿಸಿ, ಹೋದವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಸ್ವಲ್ಪ ಹೊತ್ತಿಗೆ ಅಂಕಲ್ ಕೆಮ್ಮಿ ಬಾಗಿಲು ತೆಗೆದರು. ಎಡೆಯ ಮುಂದೆ ಕೂತು, ಫೋಟೋ ಕಡೆ ಒಂದು ಸಲ ನೋಡಿ, ಮೊದಲ ತುತ್ತು ಬಾಯಿಗಿಟ್ಟರು.

ಟಕ್ ಎಂದಿತು.

ಎಲೆಯ ಅಂಚಿಗೆ ಒಂದು ಪುಟ್ಟ ಉಕ್ಕಿನ ಕಾಳು ಬಂತು. ಅದರ ಹಿಂದೆ ಒಂದು ಚೂರು ಹಲ್ಲು. ಅಂಕಲ್ ಕೆನ್ನೆ ಹಿಡಿದು ಕಣ್ಣುಮುಚ್ಚಿ ಕೂತುಬಿಟ್ಟರು.

"ತಪ್ಪಾತ್ರಿ ಅಂಕಲ್, ಒಂದು ಉಳಿದಬಿಟ್ಟೈತಿ" ಎಂದೆ. ಉತ್ತರವಿಲ್ಲ. ಹೆಂಡತಿ ಓಡಿಹೋಗಿ ಲವಂಗ ತಂದಳು. ತೆಗೆದುಕೊಂಡರು, ಮಾತಿಲ್ಲ. "ಸಿಟ್ಟು ಮಾಡ್ಕೋಬ್ಯಾಡ್ರಿ" ಎಂದು ಅವಳೂ ಬೇಡಿಕೊಂಡಳು. ಅಂಕಲ್ ಕೈ ಅಲ್ಲಾಡಿಸಿದರು, ಬಾಯಿ ತೆರೆಯಲು ನೋಡಿದರು, ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವಂತಾಯಿತು.

ಎಷ್ಟೋ ಹೊತ್ತಾದ ಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಕಣ್ಣಿನಲ್ಲಿ ನೀರೂ ಇತ್ತು. ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿಯಿಂದ, ನನಗಲ್ಲ, ಫೋಟೋಗೆ ಹೇಳಿದರು.

"ಆ ಎರಡು ದಿನ, ಕೋಪ ಅಲ್ವೇನೇ ಅದು? ಬಾಯಿ ತೆಗೆಯೋಕೆ ಆಗ್ತಿರ್ಲಿಲ್ವಾ ನಿಂಗೆ? ಇಷ್ಟು ವರ್ಷ ಸುಮ್ನೆ ಹೆದರಿಸಿಬಿಟ್ಟೆಯಲ್ಲೇ!"