ಎರೆ ಸೀಮೆಯ ಮಾಸ್ತರರು ಗುಡ್ಡ ಏರಿದ್ದು

ಸಪಾಟು ನೆಲದಲ್ಲಿ ಹುಟ್ಟಿ ಬೆಳೆದವರು ಗುಡ್ಡ ಏರಲು ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ನಮಗಂತೂ ಗುಡ್ಡ ಕಣ್ಣಿಗೆ ಬೀಳುವ ಮೊದಲೇ ಶುರುವಾಯಿತು.

ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಡ್ರಿಲ್ ಮಾಸ್ತರ. ನಮ್ಮ ಹೆಡ್‌ಮಾಸ್ತರರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಶಾಲೆಯ ಸ್ಟೇಜಿಗಿಂತ ಎತ್ತರದ ಜಾಗದಲ್ಲಿ ತಾವು ನಿಂತೇ ಇಲ್ಲ, ಒಮ್ಮೆಯಾದರೂ ಖರೇ ಗುಡ್ಡದ ತುದಿಯಲ್ಲಿ ನಿಲ್ಲಬೇಕು ಎಂದು ಅವರಿಗೆ ಆಸೆ. ಗಣಿತದ ಮಾಸ್ತರರೂ ಜೊತೆಯಾದರು. ಅಳ್ನಾವರದ ಆಚೆಗಿನ ದಟ್ಟ ಕಾಡಿನಲ್ಲಿ, ರಸ್ತೆ ಮುಗಿದ ಮೇಲೂ ನಾಲ್ಕೈದು ತಾಸು ನಡೆಯಬೇಕಾದ ಶಿಖರವೊಂದನ್ನು ಗೊತ್ತು ಮಾಡಿಕೊಂಡೆವು.

೧. ಪ್ರಾಕ್ಟೀಸು

ನಮ್ಮೂರಲ್ಲಿ ಎತ್ತರ ಅನ್ನುವಂಥದ್ದು ನೀರಿನ ಟಾಕಿ ಒಂದೇ. ರವಿವಾರ ಮುಂಜಾನೆ ಬೆನ್ನಿಗೆ ಚೀಲ ಹಾಕಿಕೊಂಡು ಮೂವರೂ ಅದರ ಮೆಟ್ಟಿಲು ಏರಿದೆವು. ಮೇಲೆ ಹೋಗಿ ದಮ್ಮು ಆರಿಸಿಕೊಳ್ಳುವಷ್ಟರಲ್ಲಿ ಕೆಳಗೆ ಅರ್ಧ ಊರು ಸೇರಿತ್ತು. ಟಾಕಿ ಏರುವವರು ಏನಾದರೂ ಬೇಡಿಕೆ ಇಟ್ಟುಕೊಂಡೇ ಏರುತ್ತಾರೆ ಎಂಬುದು ನಮಗೆ ಮರೆತುಹೋಗಿತ್ತು. ಪಂಚಾಯಿತಿ ಅಧ್ಯಕ್ಷರು ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಓಡಿಬಂದು ಕೈಮುಗಿದರು.

"ಸರ್, ದುಡುಕಬ್ಯಾಡ್ರಿ. ಏನ್ ಬೇಡಿಕಿ ಐತಿ ಹೇಳ್ರಿ, ಕುಂತು ಮಾತಾಡೂಣು."

ಹೆಡ್‌ಮಾಸ್ತರರು ನಿಜ ಹೇಳಲು ಬಾಯಿ ತೆರೆದರು. ಗಣಿತದ ಮಾಸ್ತರರು ಹಿಂದಿನಿಂದ ಅಂಗಿ ಜಗ್ಗಿದರು. ಹೆಡ್‌ಮಾಸ್ತರರು ಸ್ವಲ್ಪ ಯೋಚಿಸಿ, ಗಂಟಲು ಸರಿಮಾಡಿಕೊಂಡು, ಹುಡುಗಿಯರ ಶೌಚಾಲಯಕ್ಕೆ ನೀರಿನ ಪೈಪು ಬೇಕೆಂದರು.

ಎಂಟು ದಿನದಲ್ಲಿ ಪೈಪು ಬಂತು. ಅವತ್ತೇ ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದು ನಮ್ಮನ್ನು ಕೇಳಿದರು: "ಕಂಪೌಂಡ್ ಗ್ವಾಡಿ ಇನ್ನೂ ಬಾಕಿ ಐತಿ. ಈ ರವಿವಾರನೂ ಪ್ರಾಕ್ಟೀಸ್ ಮಾಡೂಣೇನು?"

೨. ಗುಡ್ಡದ ಲೆಕ್ಕ

ಪರವಾನಿಗೆ ತೆಗೆದುಕೊಂಡು ಕಾಡಿಗೆ ಹೋದಾಗ ದಾರಿ ತೋರಿಸಲು ಅಲ್ಲಿಯದೇ ಹಳ್ಳಿಯ ಒಬ್ಬ ಮುದುಕ ಸಿಕ್ಕ. ಮಾತು ಬಹಳ ಕಡಿಮೆ. ಎರಡು ತಾಸು ಏರಿದ ಮೇಲೆ ಒಂದು ಬಂಡೆಯ ಮೇಲೆ ನಿಲ್ಲಿಸಿ ಸುತ್ತಲೂ ಕೈ ತೋರಿಸಿದ. ಕಣಿವೆ, ಹಸಿರು, ಮಂಜು. ನಾನು ಕಣ್ತುಂಬ ನೋಡಿದೆ. ಹೆಡ್‌ಮಾಸ್ತರರು ನಿಟ್ಟುಸಿರು ಬಿಟ್ಟು, ಇಷ್ಟೊಂದು ಜಾಗ ಓರೆಯಾಗಿ ಹಾಳಾಗಿದೆಯಲ್ಲ, ಸಪಾಟು ಇದ್ದಿದ್ದರೆ ಹಿಂಗಾರಿಗೆ ಕಡಲೆ ಬಿತ್ತಬಹುದಿತ್ತು ಎಂದರು.

ಗಣಿತದ ಮಾಸ್ತರರಿಗೆ ಅಷ್ಟೇ ಸಾಕಾಯಿತು. ಈ ಗುಡ್ಡವನ್ನು ಕೆದರಿ ಹರವಿದರೆ ಎಷ್ಟು ಎಕರೆ ಆಗಬಹುದು ಎಂದು ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕತೊಡಗಿದರು. ಹರವಿದ ಮಣ್ಣು ಎಷ್ಟು ದಪ್ಪ ಇರಬೇಕೆಂದು ಇಬ್ಬರಿಗೂ ವಾದ ಬಿತ್ತು. ಅರ್ಧ ತಾಸು ಸುಮ್ಮನೆ ಕೇಳಿದ ಮುದುಕ ಕೋಲು ಊರಿ ಎದ್ದ.

"ಹರವೂದs ಆದ್ರ ಮದಲ ಹರವಿ ಬಿಡ್ರಿ. ಏರೂದಾದ್ರೂ ತಪ್ಪತೈತಿ."

೩. ನನ್ನ ಪಾಳಿ

ಟ್ರ್ಯಾಕ್ ಸೂಟು, ಕೊರಳಲ್ಲಿ ಸೀಟಿ. ಮುಂದೆ ನಿಂತು ಉಳಿದವರಿಗೆ ಉಸಿರು ಹೇಗೆ ಬಿಡಬೇಕೆಂದು ಕಲಿಸುತ್ತಿದ್ದವನು ನಾನೇ. ಶಿಖರಕ್ಕೆ ಇನ್ನೇನು ಕೊನೆಯ ಏರು ಅನ್ನುವಾಗ ನನ್ನ ಮೀನಖಂಡ ಹಿಡಿದುಕೊಂಡಿತು. ಕೂತವನಿಗೆ ಏಳಲಾಗಲಿಲ್ಲ. ಇಪ್ಪತ್ತು ವರ್ಷ ಮಕ್ಕಳನ್ನು ಓಡಿಸಿದ ಕಾಲು ಅದು. ನಾಚಿಕೆಗೆ ತಲೆ ತಗ್ಗಿಸಿದೆ. ಹೆಡ್‌ಮಾಸ್ತರರು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ಇರ್ಲಿ, ಇಲ್ಲೇ ಕುಂದರು ಮಾಸ್ತರ. ನಿಂದು ಹಾಜರಿ ಹಾಕ್ತೀನಿ."

೪. ಮ್ಯಾಲೆ ಹೋದದ್ದು

ಕೊನೆಯ ಏರು ಬರೀ ಬಂಡೆ, ಕೈಕಾಲು ಊರಿ ಹತ್ತುವಂಥದ್ದು. ಬಿದ್ದು ಒಡೆದಾವೆಂದು ಹೆಡ್‌ಮಾಸ್ತರರು ವಾಚು, ಓದುವ ಚಷ್ಮಾ, ಫೋನು ನನ್ನ ಕೈಗೆ ಕೊಟ್ಟು ಉಳಿದಿಬ್ಬರ ಜೊತೆ ಹೋದರು. ಅರ್ಧ ತಾಸಿನ ಮೇಲೆ ಎಲ್ಲಿಂದಲೋ ಸಿಗ್ನಲ್ ಬಂದು ಆ ಫೋನು ಹೊಡೆದುಕೊಂಡಿತು. ಅವರ ಹೆಂಡತಿ. ಎಲ್ಲಿದ್ದಾರೆ ಅವರು ಎಂದು ಕೇಳಿದರು.

"ಸರ್ ಮ್ಯಾಲೆ ಹೋದ್ರಿ ವೈನಿ," ಎಂದೆ. ಆ ಕಡೆ ಏನೋ ಬಿದ್ದ ಸದ್ದು. ಗಾಬರಿಯಾದರೇನೋ ಎಂದು ಧೈರ್ಯ ಹೇಳಿದೆ: "ಅಗದಿ ಸಮಾಧಾನದಿಂದ ಹೋದ್ರು. ವಾಚು, ಚಷ್ಮಾ ಎಲ್ಲಾ ನನ್ನ ಕೈಯಾಗ ಕೊಟ್ಟಾರ. ನೀವೇನ್ ಕಾಳಜಿ ಮಾಡಬ್ಯಾಡ್ರಿ, ಸಂಜಿ ಅನ್ನೂದ್ರಾಗ ಗಾಡ್ಯಾಗ ಹಾಕ್ಕೊಂಡು ಮನಿಗಿ ತರ್ತೀವಿ."

ಸಿಗ್ನಲ್ ಹೋಯಿತು.

ಹೆಡ್‌ಮಾಸ್ತರರು ಇಳಿದು ಬಂದಾಗ ಮುಖದಲ್ಲಿ ಎಂಥದೋ ಬೆಳಕು. "ನಿಂತೆ," ಎಂದಷ್ಟೇ ಹೇಳಿದರು. ಆ ಖುಷಿಯಲ್ಲಿ ಫೋನ್ ಬಂದದ್ದು ನನಗೆ ನೆನಪೇ ಆಗಲಿಲ್ಲ.

ಸಂಜೆ ಅಳ್ನಾವರದ ಹತ್ತಿರ ಅವರ ಫೋನಿಗೆ ಮತ್ತೆ ಜೀವ ಬಂತು. ಮಿಸ್ಡ್ ಕಾಲುಗಳ ಸಾಲು. ಶಿಕ್ಷಕರ ಗ್ರೂಪಿನಲ್ಲಿ ಅವರದೇ ಫೋಟೋ, ಅದರ ಕೆಳಗೆ ಕೈಮುಗಿದ ಚಿತ್ರಗಳು. ನಾನು ಏನು ಹೇಳಿದ್ದೆನೋ ಅದು ಆಗ ನನ್ನ ಕಿವಿಗೇ ಕೇಳಿಸಿತು. ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಮೊದಲು ಮನೆಗೆ ಫೋನ್ ಮಾಡಿದರು. ಎತ್ತಿದವರು ಅಣ್ಣಿಗೇರಿಯಿಂದ ಓಡಿಬಂದಿದ್ದ ಅವರ ಹೆಂಡತಿಯ ಅಣ್ಣ. ಯಾರು ಎಂದು ಕೇಳಿದರು. ನಾನೇ ಎಂದು ಇವರು ಹೇಳಿದ್ದಕ್ಕೆ ಫೋನನ್ನು ತಂಗಿಯ ಕೈಗೆ ತುರುಕಿ ದೂರ ಸರಿದರಂತೆ.

"ಏನೂ ಆಗಿಲ್ಲ. ಗುಡ್ಡಾ ಏರಿದ್ದೆ, ಅಷ್ಟs," ಎಂದರು ಹೆಡ್‌ಮಾಸ್ತರರು. ಆ ಕಡೆ ಅಳುವ ಸದ್ದು. ಇವರೂ ಕಣ್ಣೊರೆಸಿಕೊಂಡರು. ಆಮೇಲೆ ವೈನಿ ಮೂಗು ಒರೆಸಿಕೊಂಡು ಹೇಳಿದ್ದು ನಮಗೆಲ್ಲ ಕೇಳಿಸಿತು:

"ಮನಿ ತುಂಬ ಮಂದಿ ಕುಂತಾರ. ಬರೂಮುಂದ ಎರಡು ಲೀಟರ್ ಹಾಲು ತಗೊಂಡು ಬರ್ರಿ, ಚಾ ಆದ್ರೂ ಮಾಡಿ ಕೊಡಬೇಕಲ್ಲ."