ಎಡಕ್ಕೇ ವಾಲಿದ ಮುಳ್ಳು

ಹಾವಿನ ಹೆದರಿಕೆ ಹಾವು ಹೋದ ಮೇಲೆ ಹೋಗುತ್ತದೆ. ಮಾವನ ಹೆದರಿಕೆ ಮಾತ್ರ ಮಾವ ಊರಿಗೆ ಹೋದ ಮೇಲೂ ಮನೆಯಲ್ಲೇ ಉಳಿಯುತ್ತದೆ. ನಾನು ಬೇಲೂರಿನಲ್ಲಿ ವಕೀಲಿ ಮಾಡುತ್ತಿದ್ದವನು, ಮಾತಿಗೆ ಬಡತನವಿಲ್ಲ. ಆದರೆ ಮಾದಿಹಳ್ಳಿಯ ನನ್ನ ಮಾವ ಮೀಸೆಯ ಮೇಲೆ ಕೈಯಿಟ್ಟರೆ ನನ್ನ ಹೆಸರೇ ನನಗೆ ಮರೆಯುತ್ತಿತ್ತು. ಅಂಥವರು ಮಗಳ ಮೇಲಿನ ಪ್ರೀತಿಯಿಂದ, ಕಾಫಿ ತೋಟದ ಬಿಳಿ ದೊರೆಯೊಬ್ಬ ಬಿಟ್ಟುಹೋದ ಹಳೆಯ ಕಾರನ್ನು ನನಗೆ ಕೊಡಿಸಿದ್ದರು. ಅದಕ್ಕೆ ಏನಾದರೂ ಆದರೆ ಉತ್ತರ ಹೇಳಬೇಕಾದವನು ನಾನೇ.

ಕಾರಿನ ಮುಂದುಗಡೆ ಕೈಗಡಿಯಾರದಂಥ ಒಂದು ಮೀಟರ್ ಇತ್ತು. ಮುಳ್ಳು ಬಲಕ್ಕಿದ್ದರೆ ಬ್ಯಾಟರಿ ತುಂಬುತ್ತಿದೆ ಎಂದೂ ಎಡಕ್ಕಿದ್ದರೆ ಖಾಲಿಯಾಗುತ್ತಿದೆ ಎಂದೂ ಅರ್ಥ. ತುಮಕೂರಿನಲ್ಲಿದ್ದ ಮಾವನ ಅಕ್ಕನಿಗೆ ಕಾಯಿಲೆ ಜೋರಾಗಿ, ತಮ್ಮನ ಮುಖ ನೋಡಬೇಕೆಂದು ಹಂಬಲಿಸುತ್ತಿದ್ದಾರೆಂದು ತಂತಿ ಬಂತು. ಅರಸೀಕೆರೆಯ ಸಂಜೆ ರೈಲಿಗೆ ಮಾವನನ್ನು ಮುಟ್ಟಿಸಬೇಕಿತ್ತು. ಮಾದಿಹಳ್ಳಿಗೆ ಬರುವವರೆಗೂ ಮುಳ್ಳು ಬಲಕ್ಕೇ ಇತ್ತು. ಅವರ ಮನೆಯಲ್ಲಿ ಕಾಫಿ ಕುಡಿದು ಹೊರಟೆವು ನೋಡಿ, ಎಡಕ್ಕೆ ವಾಲಿ ಮಲಗಿಬಿಟ್ಟಿತು.

ಪಕ್ಕದಲ್ಲಿ ಮಾವ ದಾರಿ ನೋಡುತ್ತಿದ್ದರು. ನಡುದಾರಿಯಲ್ಲಿ ಬ್ಯಾಟರಿ ಸತ್ತರೆ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಆ ಮುದುಕಿ... ಮುಂದೆ ಯೋಚಿಸಲಾಗಲಿಲ್ಲ. ಹಳೇಬೀಡಿನ ಕೆರೆ ಏರಿಯ ಇಳಿಜಾರಿನಲ್ಲಿ, ಎಂಜಿನ್ ಆರಿಸದೆ, ಕಾರು ನಿಲ್ಲಿಸಿದೆ.

"ಯಾಕ್ರೀ ನಿಲ್ಸಿದ್ದು?"

"ಎಂಜಿನ್‌ಗೆ ಗಾಳಿಯಾಡಲಿ ಅಂತ ಮಾವ."

ಬ್ಯಾಟರಿಯ ತುದಿಗಳನ್ನು ಕೆರೆದೆ, ತಂತಿಗಳನ್ನು ಜಗ್ಗಿ ನೋಡಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಬ್ಯಾಟರಿ ತುಂಬುವ ಡೈನಮೋ ಕಡೆ ಕಣ್ಣು ಹೋಯಿತು. ಎಂಜಿನ್ ಭರ್ರೆಂದು ಓಡುತ್ತಿದ್ದರೂ ಅದು ಊಟವಾದವರ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ಎದೆ ಗಟ್ಟಿಮಾಡಿಕೊಂಡು ಎಂಜಿನ್ ಆರಿಸಿ, ಅದನ್ನು ತಿರುಗಿಸುವ ಬೆಲ್ಟ್ ಮುಟ್ಟಿದೆ. ಬೆರಳು ಜಾರಿತು. ಮೂಸಿದರೆ ಹರಳೆಣ್ಣೆ!

"ಯಾವ ಮಹಾನುಭಾವ ಇದಕ್ಕೆ ಎಣ್ಣೆ ಬಳಿದ?" ಎಂದು ಕೂಗಿಯೇಬಿಟ್ಟೆ.

"ನಾನೇ ಕಣ್ರೀ," ಎಂದರು ಮಾವ, ಕೆಳಗಿಳಿದು ಬಂದು. "ನೀವು ಒಳಗೆ ಕಾಫಿ ಕುಡೀತಿದ್ರಲ್ಲ, ಆಗ. ನೀವು ಬರೋವಾಗ ಕಿರ್ರೋ ಅಂತಿತ್ತು. ಎತ್ತಿನಗಾಡಿ ಅಚ್ಚಿಗೆ ಹಾಕೋ ಎಣ್ಣೇನೇ ಸವರ್ದೆ. ಯಾಕೆ, ತಪ್ಪಾಯ್ತಾ?"

ಅವರ ಕೈ ಮೀಸೆಯ ಕಡೆ ಹೊರಟಿತ್ತು.

"ಛೆ ಛೆ! ಬಹಳ ಒಳ್ಳೆಯದಾಯಿತು. ಹೆಚ್ಚಾದದ್ದನ್ನು ಸ್ವಲ್ಪ ಒರೆಸುತ್ತೇನೆ, ಅಷ್ಟೇ."

ಪಂಚೆಯ ಸೆರಗಿನಿಂದಲೂ ದಾರಿಯ ಧೂಳಿನಿಂದಲೂ ಬೆಲ್ಟನ್ನು ತಿಕ್ಕಿದೆ. ಸ್ಟಾರ್ಟರ್ ಒತ್ತಿದರೆ ಒಂದು ನರಳಾಟ, ಮತ್ತೆ ಮೌನ. ನನಗೆ ಅಳು ಬಂತು. ಮಾವ ಪಂಚೆ ಎತ್ತಿಕಟ್ಟಿ, ಹಿಂದೆ ಹೋಗಿ ಹೆಗಲು ಕೊಟ್ಟರು. ಇಳಿಜಾರಿನಲ್ಲಿ ಕಾರು ಉರುಳಿತು, ಕೆಮ್ಮಿತು, ಕೂಗಿತು. ಮುಳ್ಳು ಬಲಕ್ಕೆ ಎದ್ದಿತು.

ರೈಲು ಸಿಕ್ಕಿತು. ಕಿಟಕಿಯಿಂದ ತಲೆ ಹೊರಹಾಕಿ ಮಾವ, "ಆ ಕಿರ್ರೋ ಶಬ್ದ ಮತ್ತೆ ಶುರುವಾಗೈತೆ. ವಾಪಸ್ ಬತ್ತಾ ಒಂದು ಸೀಸೆ ಎಣ್ಣೆ ತತ್ತೀನಿ," ಎಂದರು.

ಅಕ್ಕ ಚೇತರಿಸಿಕೊಂಡರು. ಸೀಸೆಯೂ ಬಂತು. ಬಂದಾಗಲೆಲ್ಲ ಎಣ್ಣೆ ಎಷ್ಟು ಇಳಿದಿದೆಯೆಂದು ಮಾವ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾಗಾಗಿ ಅವರು ಬರುವ ಹಿಂದಿನ ದಿನ ನಾನು ಅದನ್ನು ತಲೆಗೆ ತಿಕ್ಕಿಕೊಂಡು ಸ್ನಾನ ಮಾಡುತ್ತಿದ್ದೆ. ಈ ವಯಸ್ಸಿನಲ್ಲೂ ಕೂದಲು ಇಷ್ಟು ದಟ್ಟವಾಗಿರುವುದು ಹೇಗೆಂದು ಜನ ಕೇಳುತ್ತಾರೆ. ಹೆದರಿಕೆಯಿಂದ ಎಂದು ಹೇಳಲು ನನಗಿನ್ನೂ ಧೈರ್ಯ ಬಂದಿಲ್ಲ.