ಮೂತಿಯಲ್ಲಿ ಬಾಗಿಲಿದ್ದ ಕಾರು

"ಈ ಸಲದ ಯಾತ್ರೇಲಿ ನೀನು ಮಹಾರಾಣಿ ಹಾಗೆ ಸುಮ್ಮನೆ ಕೂತಿರು, ಗೆರ್ಲಿಂಡೆ! ಕಾರು ಓಡಿಸೋದೂ ನಾನೇ, ನಕ್ಷೆ ನೋಡೋದೂ ನಾನೇ, ಕೇಕ್ ಮಾಡೋದೂ ನಾನೇ!"

ಹಳೇ ಕಾರುಗಳ ಕ್ಲಬ್ಬಿನ ವಾರ್ಷಿಕ ಯಾತ್ರೆಯ ಮುನ್ನಾದಿನ ಎಕ್‌ಹಾರ್ಟ್ ಹೀಗೆ ಘೋಷಿಸಿದ. ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. ಅವಳು ಇಸ್ತ್ರಿ ಮಾಡುತ್ತಿದ್ದದ್ದು ಅವನು ಯಾತ್ರೆಗೆ ಹಾಕಿಕೊಳ್ಳುವ ಅಂಗಿಯನ್ನೇ.

"ಏನಾದ್ರೂ ಎಡವಟ್ಟಾದ್ರೆ?"

"ಆದ್ರೆ ಸ್ಟಿಯರಿಂಗ್ ನಿನ್ನ ಕೈಗೆ!"

ಈಗ ಅವಳು ಕಣ್ಣೆತ್ತಿದಳು. ಮದುವೆಯಾದಂದಿನಿಂದ ಆ ಕಾರಿನ ಧೂಳು ಒರೆಸಿದವಳು, ಸೀಟಿಗೆ ಹೊದಿಕೆ ಹೊಲಿದವಳು, ನಕ್ಷೆ ಹಿಡಿದು ಒಂದೊಂದು ತಿರುವನ್ನೂ ಹೇಳಿದವಳು ಅವಳೇ. ಓಡಿಸುತ್ತೇನೆಂದರೆ ಮಾತ್ರ ಅವನದು ಒಂದೇ ಉತ್ತರ: "ಬೇಡ ಕಣೇ, ಕ್ಲಚ್ಚು ಬಹಳ ಸೂಕ್ಷ್ಮ."

ಅಂತೂ ಕೇಕ್ ಮಹಾಯಜ್ಞ ಶುರುವಾಯಿತು. "ಗೆರ್ಲಿಂಡೆ, ಹಿಟ್ಟೆಲ್ಲಿ?" "ಜರಡಿ ಎಲ್ಲಿ?" "ಪ್ಲಮ್ಮಿನ ಬೀಜ ತೆಗೀಬೇಕಾ?" ಸ್ನಾನಕ್ಕೆ ಹೋಗಿದ್ದ ಮಹಾರಾಣಿ ಟವೆಲ್ ಸುತ್ತಿಕೊಂಡು ಮತ್ತೆ ಮತ್ತೆ ಅಡುಗೆಮನೆಯ ದರ್ಬಾರಿಗೆ ದಯಮಾಡಿಸಿದಳು. ಕೇಕ್ ಮಾಡಿದ್ದು ಎಕ್‌ಹಾರ್ಟ್. ಪಾತ್ರೆ ತೊಳೆದದ್ದು ಯಾರೆಂದು ಇತಿಹಾಸ ಹೇಳುವುದಿಲ್ಲ!

ಅವರ ಕಾರೆಂದರೆ ಕೋಳಿಮೊಟ್ಟೆಗೆ ಚಕ್ರ ಕಟ್ಟಿದಂತೆ. ಇಬ್ಬರಿಗೆ ಒಂದು ಬೆಂಚು, ಇರುವುದೊಂದೇ ಬಾಗಿಲು, ಅದೂ ಮೂತಿಯಲ್ಲಿ! ಫ್ರಿಜ್ಜಿನ ಬಾಗಿಲಿನ ಹಾಗೆ ಮುಂದಕ್ಕೆ ತೆರೆಯುತ್ತದೆ. ರಿವರ್ಸ್ ಗೇರು ಚಳಿಗಾಲದಲ್ಲೇ ಕೈಕೊಟ್ಟಿತ್ತು. ಬಂಪರು ತಿಕ್ಕಿ ಹೊಳಪೇರಿಸುವ ಸಂಭ್ರಮದಲ್ಲಿ ಅದನ್ನು ರಿಪೇರಿ ಮಾಡಲು ಪುರುಸೊತ್ತೆಲ್ಲಿ?

ಮಧ್ಯಾಹ್ನದ ಕಾಫಿಗೆ ಕ್ಲಬ್ಬಿನವರೆಲ್ಲ 'ಜಿಂಕೆ' ಹೋಟೆಲಿನಲ್ಲಿ ಸೇರಬೇಕಿತ್ತು. ಆದರೆ ಆ ಬೆಟ್ಟದ ಸೀಮೆಯಲ್ಲಿ ಊರಿಗೊಂದು ಜಿಂಕೆ ಹೋಟೆಲು! ಎಕ್‌ಹಾರ್ಟ್ ಮೊದಲು ಕಂಡ ಜಿಂಕೆಯ ಅಂಗಳಕ್ಕೇ ಕಾರು ನುಗ್ಗಿಸಿದ.

"ಈ ಊರಲ್ಲ ಕಣೋ..."

"ಮಹಾರಾಣಿ ಮಾತಾಡೋ ಹಾಗಿಲ್ಲ!"

ನೆರಳು ಸಿಗಲೆಂದು ಕಾರನ್ನು ಗೋಡೆಗೆ ಮುತ್ತಿಡುವಷ್ಟು ಹತ್ತಿರ ನಿಲ್ಲಿಸಿದ. "ನೋಡಿದ್ಯಾ? ಇನ್ನೂ ಒಬ್ಬರೂ ಬಂದಿಲ್ಲ. ನಾವೇ ಮೊದಲು!" ಎಂದು ಬಾಗಿಲು ತಳ್ಳಿದ. ಠಕ್! ಮತ್ತೆ ತಳ್ಳಿದ. ಠಕ್! ಎದುರಿನ ಗೋಡೆಯ ಮೇಲಿನ ಬೋರ್ಡು ಗಾಜಿಗೆ ಅಂಟಿದಂತೆ ಕಾಣುತ್ತಿತ್ತು: 'ಇಂದು ವಾರದ ರಜೆ.'

ಎಕ್‌ಹಾರ್ಟ್ ಹಾರ್ನ್ ಒತ್ತಿದ. ಪಕ್ಕದ ಮನೆಯ ಕಿಟಕಿಯಿಂದ ಒಬ್ಬ ಅಜ್ಜಿ ಇಣುಕಿದಳು.

"ಮೂರು ಗಂಟೆವರೆಗೆ ಊರವರೆಲ್ಲ ಮಲಗೋ ಹೊತ್ತು, ಸದ್ದು ಮಾಡಬಾರದು ಅಂತ ಗೊತ್ತಿಲ್ವಾ ನಿಮಗೆ?"

"ನಾವು ಒಳಗೆ ಸಿಕ್ಕಿಹಾಕ್ಕೊಂಡಿದೀವಿ, ಅಮ್ಮಾ!"

"ಹಾಗಾದ್ರೆ ಸದ್ದಿಲ್ದೆ ಸಿಕ್ಕಿಹಾಕ್ಕೊಳ್ಳಿ!" ಕಿಟಕಿ ಮುಚ್ಚಿತು.

"ಕ್ಲಬ್ಬಿಗೆ ಫೋನ್ ಮಾಡ್ಲಾ?" ಎಂದಳು ಗೆರ್ಲಿಂಡೆ.

"ಬೇಡ, ಬೇಡ! ಮಾನ ಹೋಗುತ್ತೆ!"

ಉಳಿದ ದಾರಿ ಒಂದೇ. ಕಾರಿನ ಮಾಡಿಗೆ ಹೊದಿಸಿದ್ದ ಬಟ್ಟೆಯನ್ನು ಹಿಂದಕ್ಕೆ ಸರಿಸಿ ಎಕ್‌ಹಾರ್ಟ್ ಮೇಲೆದ್ದ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಗೆರ್ಲಿಂಡೆ ಕೇಕನ್ನು ಅವನ ತೊಡೆಗೆ ದಾಟಿಸಿ, ಬೂಟು ಕಳಚಿ, ಸರಕ್ಕನೆ ಮಾಡು ಹತ್ತಿದಳು. ಹತ್ತಿ ಅಲ್ಲೇ ಕೂತಳು.

"ಸ್ಟಿಯರಿಂಗ್ ಯಾರದು?"

"ಮೊದ್ಲು ಇಳಿ. ಆಮೇಲೆ ಮಾತಾಡೋಣ."

"ಇಲ್ಲಿ ಗಾಳಿ ಚೆನ್ನಾಗಿದೆ ಕಣೋ. ಅವಸರ ಏನಿಲ್ಲ."

"ನಿಂದೇ ಮಾರಾಯ್ತೀ, ನಿಂದೇ!"

ಅವಳು ಕೆಳಗೆ ಧುಮುಕಿ, "ಬ್ರೇಕ್ ಬಿಡೋ!" ಎಂದು ಕೂಗಿ, ಹಟಮಾರಿ ಕರುವನ್ನು ಎಳೆಯುವಂತೆ ಹಿಂದಿನಿಂದ ಆ ಮೊಟ್ಟೆಯನ್ನು ಎಳೆದಳು. ಬಾಗಿಲು ತೆರೆಯಿತು. "ಆ ಕಡೆ ಸರ್ಕೋ!" ಎಂದು ಅವಳು ಸ್ಟಿಯರಿಂಗ್ ಹಿಡಿದಳು.

ಕ್ಲಚ್ಚು ಒಮ್ಮೆ ಗೊಣಗಿ ಸುಮ್ಮನಾಯಿತು. ಎಕ್‌ಹಾರ್ಟ್ ಸುಮ್ಮನಾಗಲಿಲ್ಲ; ಕೇಕ್ ತಬ್ಬಿಕೊಂಡು, ತನ್ನ ಕಾಲಡಿ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದ.

ಸರಿಯಾದ ಜಿಂಕೆ ಹೋಟೆಲಿನವರು ಕ್ಲಬ್ಬಿಗೆ ಅಂಗಳವನ್ನೂ ಅಡುಗೆಮನೆಯನ್ನೂ ಬಿಟ್ಟುಕೊಟ್ಟಿದ್ದರು. ಎಲ್ಲರೂ ಬಂದಾಗಿತ್ತು. ಕ್ಲಬ್ಬಿನ ಅಧ್ಯಕ್ಷ ಟಿಲ್‌ಮನ್ ಓಡಿಬಂದು ಎಕ್‌ಹಾರ್ಟನ ಕೈ ಕುಲುಕಿದ. "ಭಲೇ! ಹೆಂಡತಿಗೆ ಕಾರು ಬಿಟ್ಟುಕೊಟ್ಟಿದೀಯಲ್ಲ, ಎಂಥ ದೊಡ್ಡ ಮನಸ್ಸಯ್ಯಾ ನಿಂದು!"

ದೊಡ್ಡ ಮನಸ್ಸಿನವನು ವಿನಯದಿಂದ ನಕ್ಕು ಕುರ್ಚಿ ಎಳೆದುಕೊಂಡ. ಅಷ್ಟರಲ್ಲಿ ಟಿಲ್‌ಮನ್‌ನ ಹೆಂಡತಿ ರೊಸ್ವಿಥಾ ಬಂದು ಅವನ ಸೊಂಟಕ್ಕೆ ಏಪ್ರನ್ ಕಟ್ಟಿಯೇಬಿಟ್ಟಳು.

"ಎಲ್ಲಿ ಕೂರ್ತೀಯಪ್ಪಾ? ಓಡಿಸಿದವರು ಹೊರಗೆ ಕೂತು ಎಂಜಿನ್ ವಿಷಯ ಮಾತಾಡ್ತಾರೆ. ಪಕ್ಕದ ಸೀಟಿನವರು ಕಾಫಿ ಮಾಡ್ತಾರೆ. ಕ್ಲಬ್ಬಿನ ಪದ್ಧತಿ ಅಲ್ವಾ? ಬಾ ಒಳಗೆ!"

ಎಕ್‌ಹಾರ್ಟ್ ಕೇಕ್ ಹೆಚ್ಚಿದ. ಕೆನೆ ಕಡೆದ. ಕಪ್ಪು ಜೋಡಿಸಿದ. ಒಂದು ಹರಿವಾಣ ಹೋಯಿತು, ಖಾಲಿಯಾಗಿ ಬಂತು. ಇನ್ನೊಂದು ಹೋಯಿತು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಂಗಳದಿಂದ ಗೆರ್ಲಿಂಡೆಯ ಧ್ವನಿ ತೇಲಿಬಂತು:

"ಎಕ್‌ಹಾರ್ಟ್, ಇನ್ನೊಂದು ಕಾಫಿ ಬರ್ಲಿ!"

ಎಕ್‌ಹಾರ್ಟ್ ಚಮಚ ಕುಕ್ಕಿದ. "ನಿಂಗೇನು ಕಾಲಿಲ್ವಾ? ಎದ್ದು ಬಂದು ತಗೊಂಡ್ಹೋಗು!"

ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

"ನೋಡ್ರೇ, ಇವನು ಒಳಗೆ ಬಂದು ಕಾಲು ಗಂಟೆ ಆಗಿಲ್ಲ!" ಎಂದಳು ರೊಸ್ವಿಥಾ. "ನಾವು ಇಷ್ಟು ವರ್ಷ ನುಂಗ್ಕೊಂಡಿದ್ದ ಮಾತು ಆಡೇಬಿಟ್ಟ!"